ದಸರೆಗೆ ಹೋದವರು

ಈ ವಾರ ಪಾವಗಡದಿಂದ ತುಮಕೂರಿಗೆ ಹೋಗುವ ಬೆಳಗಿನ ಬಸ್ಸಿಗೆ ಮಧುಗಿರಿಯಲ್ಲಿ ಖೋ-ಖೋ ಹುಡುಗಿಯರ ತಂಡವೊಂದು ಹತ್ತಿತು. ದಸರಾ ಕ್ರೀಡಾಕೂಟದಲ್ಲಿ ತಾಲ್ಲೂಕು ಗೆದ್ದು ಜಿಲ್ಲೆಗೆ ಹೊರಟವರು. ಒಬ್ಬಳಿಗೆ ಹಿರಿಯರೊಬ್ಬರ ಪಕ್ಕದಲ್ಲಿ ಜಾಗ ಸಿಕ್ಕಿತು. ಅವರ ತೊಡೆಯ ಮೇಲೆ ಪ್ಲಾಸ್ಟಿಕ್ ಕವರು, ಅದರೊಳಗೆ ಮಡಿಸಿದ ಅರ್ಜಿ.

"ಎಲ್ಲಿಗೆ ಹೊಂಟ್ರವ್ವಾ ಎಲ್ರೂವೆ?"

"ಆಟಕ್ಕೆ ತಾತ, ತುಮಕೂರಿಗೆ. ನೀವು?"

"ಡೀಸಿ ಆಫೀಸಿಗೆ ಕಣವ್ವ. ನಮ್ಮೂರ ಕೆರೆ ತೂಬು ಕೆಟ್ಟೈತೆ. ಹೇಳಿ ಬರಾನ ಅಂತ."

ಅಷ್ಟೇ ಮಾತು. ಆಮೇಲೆ ಆಕೆ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದಳು. ಆಟಕ್ಕೆ ಹೊರಟವಳು, ಊರಿನ ಕಷ್ಟ ಹೇಳಲು ಹೊರಟವರು, ಒಂದೇ ಸೀಟಿನಲ್ಲಿ, ದಸರೆಯ ಹೊತ್ತಿನಲ್ಲಿ. ಕೊರಟಗೆರೆ ದಾಟುವಷ್ಟರಲ್ಲಿ ನನ್ನ ಮನಸ್ಸು 1881ರ ದಸರೆಗೆ ಹೋಗಿತ್ತು.

ಆ ವರ್ಷ ನಮ್ಮ ಸೀಮೆಗೆ ಸಾಮಾನ್ಯದ ವರ್ಷವಲ್ಲ. ಐವತ್ತು ವರ್ಷ ಇಂಗ್ಲಿಷರ ಕಮಿಷನರುಗಳ ಕೈಯಲ್ಲಿದ್ದ ಮೈಸೂರು, ಮಾರ್ಚ್ 25ರಂದು ಮತ್ತೆ ಒಡೆಯರ ಮನೆತನಕ್ಕೆ ಬಂತು. ಹತ್ತನೆಯ ಚಾಮರಾಜ ಒಡೆಯರಿಗೆ ಆಗ ಹದಿನೆಂಟು ವರ್ಷ. ಆದರೆ ಕೈಗೆ ಬಂದದ್ದು ಬಳಲಿದ ನಾಡು. ಧಾತು, ಈಶ್ವರ ಸಂವತ್ಸರಗಳ ಬರ ಮುಗಿದು ಮೂರು ವರ್ಷವಾಗಿತ್ತಷ್ಟೆ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ 50 ಲಕ್ಷ ಮೀರಿದ್ದರು. 1881ರಲ್ಲಿ ಎಣಿಸಿದಾಗ 42 ಲಕ್ಷವೂ ತುಂಬಲಿಲ್ಲ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ನಾಡಿನಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿ ಜನ ಕಡಿಮೆ. ಮಳೆ ನೆಚ್ಚಿ ಬದುಕುವ ಪೂರ್ವದ ಮೈದಾನಕ್ಕೆ ಪೆಟ್ಟು ಜಾಸ್ತಿ. ಸಿರಾ, ಪಾವಗಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂಥ ವರ್ಷದಲ್ಲಿ ದಿವಾನ್ ರಂಗಾಚಾರ್ಲು ಒಂದು ಕೆಲಸ ಮಾಡಿದರು. ದಸರೆಗೆ ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ರೈತರು, ಪ್ರತಿ ಜಿಲ್ಲೆಯಿಂದ ಕೆಲವು ವರ್ತಕರು ಮೈಸೂರಿಗೆ ಬರಲಿ, ಹಬ್ಬ ನೋಡಲಿ, ಹಬ್ಬ ಮುಗಿದ ಮೇಲೆ ಅವರ ಮುಂದೆ ಸರ್ಕಾರ ವರ್ಷದ ಲೆಕ್ಕ ಒಪ್ಪಿಸುತ್ತದೆ, ಅವರು ತಮ್ಮ ಊರಿನ ಕಷ್ಟ ಹೇಳಿಕೊಳ್ಳಲಿ. ಅಕ್ಟೋಬರ್ 7ರಂದು 144 ಜನರ ಪ್ರಜಾಪ್ರತಿನಿಧಿ ಸಭೆ ಸೇರಿತು. ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ, ಇರಬೇಕಾದದ್ದೇ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಅದರೊಳಗಿನ ಒಂದು ಸಣ್ಣ ವಿಷಯ: ಸಭೆಗೆ ದಿನ ಗೊತ್ತುಮಾಡಿದ್ದು ಹಬ್ಬದ ಬೆನ್ನಿಗೆ.

ಪಾವಗಡದಿಂದ ಮೈಸೂರಿಗೆ ಮುನ್ನೂರು ಕಿಲೋಮೀಟರಿನಷ್ಟು ದಾರಿ. ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಬೆಂಗಳೂರು–ಮೈಸೂರು ರೈಲು ಹಾದಿ ಪೂರ್ತಿಯಾದದ್ದು 1882ರ ಫೆಬ್ರವರಿಯಲ್ಲಿ, ಅಂದರೆ ಆ ದಸರೆ ಕಳೆದ ನಾಲ್ಕು ತಿಂಗಳಿಗೆ. ಎತ್ತಿನ ಗಾಡಿ ದಿನಕ್ಕೆ ಎಷ್ಟು ದೂರ ಎಳೆದೀತು ಎಂದು ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ. ಹೋಗಲು ಒಂದು ವಾರವಾದರೂ ಬೇಕು, ಬರಲೂ ಅಷ್ಟೇ. ಅದೂ ಹಸ್ತ ಮಳೆಯ ದಿನಗಳಲ್ಲಿ, ಹೊಲದಲ್ಲಿ ರಾಗಿ ನಿಂತಿರುವಾಗ. ಬರ ಕಂಡ ರೈತ ತೆನೆ ಕಟ್ಟುವ ಪೈರನ್ನು ಮಗನಿಗೊಪ್ಪಿಸಿ ಗಾಡಿ ಹತ್ತಬೇಕಾದರೆ, ಬರೀ ಸಭೆಗೆ ಬಾ ಎಂದಿದ್ದರೆ ಸಾಕಾಗುತ್ತಿತ್ತೇ? ದಸರೆಗೆ ಬಾ ಎಂದರೆ ಹೋಗುತ್ತಾನೆ. ರಂಗಾಚಾರ್ಲು ಅವರಿಗೆ ಜನರ ಮನಸ್ಸು ಗೊತ್ತಿತ್ತು ಎಂದು ನನಗನ್ನಿಸುವುದು ಇಲ್ಲಿ.

ಆ ದಸರೆಯ ಆಟಗಳಲ್ಲಿ ಮುಖ್ಯವಾದದ್ದು ಕುಸ್ತಿ. ಜಟ್ಟಿಗಳ ವಜ್ರಮುಷ್ಟಿ ಕಾಳಗವೂ ಇತ್ತು. ತಲೆ ಬೋಳಿಸಿ, ಮುಷ್ಟಿಗೆ ಮೊನೆಯ ಆಯುಧ ತೊಟ್ಟು ಇಳಿಯುತ್ತಾರೆ. ಎದುರಾಳಿಯ ತಲೆಯಿಂದ ಮೊದಲ ಹನಿ ರಕ್ತ ಬಂದೊಡನೆ ಕಾಳಗ ನಿಲ್ಲುತ್ತದೆ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಅದೇ ಕಾಲಕ್ಕೆ ಇಂಗ್ಲಿಷ್ ದೊರೆಗಳ ಕ್ರಿಕೆಟ್ಟು, ಪೋಲೋ, ಕುದುರೆ ಜೂಜು ನಡೆದಿತ್ತು. ಅದು ಅವರವರಲ್ಲೇ. ನಮ್ಮ ಮದ್ದಗಿರಿಯ ರೈತನಿಗೆ, ಆಗ ಮಧುಗಿರಿಗೆ ಅದೇ ಹೆಸರು, ಆ ಬೇಲಿಯ ಹತ್ತಿರವೂ ಕೆಲಸವಿರಲಿಲ್ಲ. ಕುಸ್ತಿ ಹಾಗಲ್ಲ. ಗರಡಿಯ ಕೆಮ್ಮಣ್ಣು, ಉಸ್ತಾದರ ಗದರಿಕೆ ಅವನು ಚಿಕ್ಕಂದಿನಿಂದ ಕಂಡದ್ದು. ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ ಎಂಬುದನ್ನು ಅವನೂ ಕಂಡು ಹೇಳಬಲ್ಲ. ಮಹಾರಾಜರು ನೋಡುವ ಕುಸ್ತಿಯನ್ನು ಅವನು ಅಷ್ಟೇ ತಿಳಿವಳಿಕೆಯಿಂದ ನೋಡಬಲ್ಲ. ಹೊಸ ಊರು, ಹೊಸ ಜನ, ದರ್ಬಾರಿನ ಪೇಟಗಳ ನಡುವೆ ಆ ಒಂದು ಜಾಗದಲ್ಲಾದರೂ ಅವನಿಗೆ ಅಳುಕಿಲ್ಲ.

ಅಳುಕು ಬಿಟ್ಟ ಮನುಷ್ಯನೇ ಕೆಲವು ದಿನ ಕಳೆದು ದಿವಾನರ ಮುಂದೆ ಕೂತದ್ದು. ಕುಸ್ತಿ ನೋಡಿದ್ದರಿಂದಲೇ ಬಾಯಿ ಬಂತು ಎಂದು ನಾನು ಹೇಳುತ್ತಿಲ್ಲ. ಆದರೆ ಅಪರಿಚಿತ ಊರಿನಲ್ಲಿ ನಾಲ್ಕು ಜನರೊಂದಿಗೆ ಕೂಗಿ, ಕೈತಟ್ಟಿ, ಪಕ್ಕದ ತಾಲ್ಲೂಕಿನವನ ಗುರುತಾಗಿ, "ನಿಮ್ಮ ಕಡೆ ಮಳೆ ಹೆಂಗೆ" ಎಂದು ಕೇಳಿದ ಮೇಲೆ ಗಂಟಲು ಸ್ವಲ್ಪ ಸಡಿಲವಾಗುತ್ತದೆ. ಜಾತ್ರೆಗೆ ಹೋಗಿ ಬಂದ ಯಾರಿಗಾದರೂ ಇದು ಗೊತ್ತು.

ಆ ಸಭೆಗೆ ಅಧಿಕಾರ ಇರಲಿಲ್ಲ. ಸದಸ್ಯರನ್ನು ಜನ ಆರಿಸಿದ್ದಲ್ಲ, ಹೆಸರಿಸಿ ಕರೆದದ್ದು. ಮತ ಹಾಕಿ ಏನನ್ನೂ ತಡೆಯುವಂತಿರಲಿಲ್ಲ. ಹೋದವರು ಜಮೀನುಳ್ಳವರು. ಬರದಲ್ಲಿ ಮನೆಮಂದಿಯನ್ನು ಮಣ್ಣು ಮಾಡಿದ ಕೂಲಿಯವನನ್ನು, ಊರ ಹೊರಗಿನ ಕೇರಿಯವನನ್ನು ಯಾರೂ ಗಾಡಿ ಹತ್ತಿಸಲಿಲ್ಲ. ಹೆಂಗಸರ ಮಾತಂತೂ ಬಹಳ ದೂರ. ಮೈಸೂರಿನಲ್ಲಿ ಅವರಿಗೆ ಮತದ ಹಕ್ಕು ಬಂದದ್ದು 1923ರಲ್ಲಿ. ಇದನ್ನೆಲ್ಲ ನೆನೆದಾಗ ಆ ಸಭೆಯನ್ನು ಹೊಗಳುವ ನಾಲಿಗೆ ತಡೆಯುತ್ತದೆ. ಹಾಗೆಂದು ಸುಮ್ಮನಿರಲೂ ಮನಸ್ಸಾಗದು. ಬರದ ಮೂರು ವರ್ಷದಲ್ಲಿ ಸತ್ತವರ ಊರಿನ ಹೆಸರನ್ನು, ಒಡೆದ ಕೆರೆಯ ಹೆಸರನ್ನು, ಆಳುವವರ ಎದುರು ಗಟ್ಟಿಯಾಗಿ ಹೇಳಬಹುದಾದ ಒಂದು ಜಾಗ ಹುಟ್ಟಿತಲ್ಲ. ಕೊಡುವುದು ಬಿಡುವುದು ಅವರ ಕೈ, ಹೇಳುವುದು ಮಾತ್ರ ತನ್ನದು ಎಂದು ರೈತನೊಬ್ಬ ಎದ್ದು ನಿಂತದ್ದು ಸಣ್ಣದಲ್ಲ. ರಂಗಾಚಾರ್ಲು 1883ರ ಜನವರಿಯಲ್ಲೇ ತೀರಿಕೊಂಡರು. ಎರಡು ದಸರೆಯ ಸಭೆಯನ್ನಷ್ಟೇ ಅವರು ಕಂಡದ್ದು. ಸಭೆ ಮಾತ್ರ ಸ್ವಾತಂತ್ರ್ಯದ ತನಕವೂ ನಡೆದು ಬಂತು.

ಊರಿಗೆ ಮರಳಿದವರನ್ನು ಅರಳಿಕಟ್ಟೆಯಲ್ಲಿ ಜನ ಮೊದಲು ಏನು ಕೇಳಿರಬಹುದು? ದಿವಾನರು ಏನಂದರು ಎಂದೋ, ಕುಸ್ತಿಯಲ್ಲಿ ಯಾರು ಗೆದ್ದರು ಎಂದೋ? ನನಗೆ ಎರಡನೆಯದೇ ಅನ್ನಿಸುತ್ತದೆ. ಪಟ್ಟುಗಳನ್ನೆಲ್ಲ ಕೈಯಲ್ಲಿ ಮಾಡಿ ತೋರಿಸಿ, ಆನೆಯ ಅಂಬಾರಿ ವರ್ಣಿಸಿ, ನಡುವೆ ಎಲ್ಲೋ, "ನಮ್ಮ ಕೆರೆ ವಿಷಯಾನೂ ಹೇಳ್ದೆ ಕಣಪ್ಪ" ಎಂದಿರಬೇಕು. ಹಾಗೆ ನಡುವೆ ಬಂದ ಮಾತನ್ನೇ ಜನ ನೆಚ್ಚಿಕೊಳ್ಳುತ್ತಾರೆ.

ಈಗ ಆಟ, ಸಭೆ ಎರಡೂ ಬೇರೆ ಬೇರೆಯಾಗಿವೆ. ಗ್ರಾಮಸಭೆಗೆ ಜನ ಬರುವುದಿಲ್ಲ ಎಂಬ ದೂರು ಎಲ್ಲ ಕಡೆ ಕೇಳುತ್ತೇನೆ. ಅದೇ ಜನ ತಾಲ್ಲೂಕು ಕ್ರೀಡಾಂಗಣದಲ್ಲಿ ಕಬಡ್ಡಿ ಫೈನಲ್ಲಿಗೆ ಕಾಂಪೌಂಡಿನ ಮೇಲೂ ಕೂತಿರುತ್ತಾರೆ. ಆಡಲು ಬಂದ ಹುಡುಗಿಯರು, ಅವರ ತಾಯಂದಿರು, ಕೂಲಿ ಬಿಟ್ಟು ಆಟ ನೋಡಲು ನಿಂತವರು, 1881ರಲ್ಲಿ ಗಾಡಿ ಹತ್ತದೆ ಉಳಿದವರ ಕಡೆಯವರೆಲ್ಲ ಅಲ್ಲಿರುತ್ತಾರೆ. ಬರುವ ವರ್ಷ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಒಂದಾದರೂ, ಫೈನಲ್ ಮುಗಿದ ಸಂಜೆ, ಅದೇ ವೇದಿಕೆಯಲ್ಲಿ ಅರ್ಧ ಗಂಟೆ ಕೆರೆ, ತೂಬು, ಬಸ್ಸು, ಹಾಸ್ಟೆಲ್ಲಿನ ಮಾತಿಗೆ ಬಿಟ್ಟು ನೋಡಬಾರದೇ? ಶಾಮಿಯಾನ ಹಾಕಿಯೇ ಇರುತ್ತದೆ, ಮೈಕೂ ಇರುತ್ತದೆ. ಬಹುಮಾನ ಕೊಡಲು ತಹಸೀಲ್ದಾರರು ಬಂದಿರುತ್ತಾರೆ. ಅವರನ್ನು ಇನ್ನರ್ಧ ಗಂಟೆ ಕೂರಿ ಎಂದು ಕೇಳಬೇಕು, ಅಷ್ಟೇ.