ಚಿಕ್ಕ ಹಿಂಡಿನ ಹೊಣೆ

(ನಮ್ಮ ದೇವಾಲಯದ ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಮೂರು ದಿನಗಳ ಪ್ರಾರ್ಥನಾಕೂಟದ ಎರಡನೆಯ ಸಂಜೆ ಧರ್ಮಕೇಂದ್ರದ ಗುರುಗಳು ಮಾಡಿದ ಪ್ರವಚನ)



ನಿನ್ನೆಯ ಸಂಜೆ ಇದೇ ಪೀಠದಿಂದ ನಮ್ಮ ಹಿರಿಯರ ಗುಣಗಾನ ನಡೆಯಿತು. ಅದು ನ್ಯಾಯವಾದುದು. ನೂರು ವರ್ಷ ಬಾಳಿದ ದೇವಾಲಯದಲ್ಲಿ ನಿಂತು ಹಿರಿಯರನ್ನು ನೆನೆಯದವನು ಕೃತಘ್ನನೇ ಸರಿ. ಆದರೆ ಇಂದು ನಾನು ಹೊಗಳಿಕೆಯ ಮಾತುಗಳನ್ನಾಡಲು ಬಂದಿಲ್ಲ. ಲೆಕ್ಕ ಒಪ್ಪಿಸಲು ಬಂದಿದ್ದೇನೆ. ಆ ಲೆಕ್ಕದಲ್ಲಿ ಹಣದ ಮಾತೂ ಇದೆ, ನನ್ನದೇ ಒಂದು ತಪ್ಪಿನ ಮಾತೂ ಇದೆ. ತಾಳ್ಮೆಯಿಂದ ಆಲಿಸಬೇಕೆಂದು ಬೇಡುತ್ತೇನೆ.

ನಮ್ಮದು ಎಂದೂ ಸಿರಿವಂತ ಧರ್ಮಕೇಂದ್ರವಾಗಿರಲಿಲ್ಲ. ನಮ್ಮ ಸೀಮೆಯ ಧರ್ಮಸಭೆಯ ಚರಿತ್ರೆಯೇ ಬಡವರ ಚರಿತ್ರೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರು ಪ್ರಾರ್ಥನೆಯನ್ನಷ್ಟೇ ಕಲಿಸಿ ಸುಮ್ಮನಾಗಲಿಲ್ಲ. ನಿರ್ಗತಿಕರು ಉತ್ತು ಬಿತ್ತಿ ಬದುಕಲೆಂದು ಹಾಸನದ ಕಡೆ ಬೇಸಾಯದ ನೆಲೆಗಳನ್ನು ಏರ್ಪಡಿಸಿದರು; ಸಿಡುಬು ತಡೆಯುವ ಲಸಿಕೆಯನ್ನು ಊರೂರಿಗೆ ತಲುಪಿಸಲು ದುಡಿದರು. ಜನರ ಹೊಟ್ಟೆಯ ಪಾಡನ್ನು ಮರೆತು ದೇವರ ಮನೆಯನ್ನು ಕಟ್ಟಬಾರದೆಂಬ ಪಾಠ ನಮ್ಮ ಸೀಮೆಗೆ ಮೊದಲಿನಿಂದಲೂ ದೊರೆತಿದೆ. 1886ರಲ್ಲಿ ಮೈಸೂರು ಧರ್ಮಕ್ಷೇತ್ರ ಸ್ಥಾಪನೆಯಾಯಿತು. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ಪ್ರತ್ಯೇಕವಾಯಿತು. ಈ ದೊಡ್ಡ ಘಟನೆಗಳ ನಡುವೆ ನಮ್ಮ ಪುಟ್ಟ ದೇವಾಲಯ, ಕಲ್ಲು ಹೊತ್ತವರ, ಮಣ್ಣು ತುಳಿದವರ ಬೆವರಿನಿಂದ ಎದ್ದು ನಿಂತಿತು.

ಈಗ ಕಾಲ ಬದಲಾಗಿದೆ. ಒಂದು ಕಾಲಕ್ಕೆ ಭಾನುವಾರದ ಬಲಿಪೂಜೆಯಲ್ಲಿ ನಿಲ್ಲಲು ಸ್ಥಳವಿರುತ್ತಿರಲಿಲ್ಲವೆಂದು ಹಿರಿಯರು ಹೇಳುತ್ತಾರೆ. ಇಂದು ಹಿಂದಿನ ಬೆಂಚುಗಳು ಖಾಲಿ. ನಮ್ಮ ಮಕ್ಕಳು ಓದಿ ಬೆಂಗಳೂರಿಗೆ, ಮಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋಗಿದ್ದಾರೆ. ಅವರನ್ನು ದೂರಲಾರೆ, ಓದಿಸಿ ಎಂದು ನಿಮಗೆ ಬೋಧಿಸಿದವರು ನಾವೇ ಅಲ್ಲವೆ? ಊರಲ್ಲಿ ಉಳಿದವರು ವಯಸ್ಸಾದವರು, ಕಾಫಿ ತೋಟದ ಕೂಲಿಯವರು, ಒಂದೆರಡು ಎಕರೆಯ ಬೇಸಾಯಗಾರರು. ಒಂದು ವರ್ಷ ಅಕಾಲದ ಮಳೆ ಹಣ್ಣನ್ನು ಉದುರಿಸಿದರೆ ಮರುವರ್ಷ ಮೆಣಸಿನ ಬಳ್ಳಿಗೆ ಸೊರಗು ರೋಗ. ಆದಾಯ ಹೀಗಿರುವಾಗ ಹೆಂಚು, ಮರ, ಸುಣ್ಣಬಣ್ಣ, ವಿದ್ಯುತ್ತು, ಉಪದೇಶಿಗಳ ಸಂಬಳ, ಯಾವುದೂ ಅಗ್ಗವಾಗಲಿಲ್ಲ.

ಇಂತಹ ಸಮಯದಲ್ಲಿ ಒಂದು ಮಳೆಗಾಲ ಪೀಠದ ಮೇಲಿನ ತೊಲೆಗೆ ಗೆದ್ದಲು ಹಿಡಿದಿರುವುದು ಕಂಡುಬಂತು. ಬಡಗಿಯವರು ಉಳಿಯಿಂದ ಕುಟ್ಟಿದಾಗ ಮರ ಪುಡಿಪುಡಿಯಾಗಿ ಉದುರಿತು. ಸಮಿತಿ ಸೇರಿತು, ಮನೆಯೊಂದಕ್ಕೆ ಇಂತಿಷ್ಟು ವಂತಿಗೆ ಎಂದು ತೀರ್ಮಾನವಾಯಿತು. ಉಳ್ಳವರಿಗೂ ಇಲ್ಲದವರಿಗೂ ಒಂದೇ ಮೊತ್ತ. ಹಾಗಾದರೆ ಯಾರಿಗೂ ಅಸಮಾಧಾನವಿರದೆಂದು ನಾವು ಭಾವಿಸಿದೆವು. ಹಣ ಬರುವುದು ತಡವಾದಾಗ, ಕೊಟ್ಟವರ ಹಾಗೂ ಬಾಕಿ ಉಳಿಸಿಕೊಂಡವರ ಪಟ್ಟಿಯನ್ನು ಬಲಿಪೂಜೆಯ ಕೊನೆಯಲ್ಲಿ ಓದಬೇಕೆಂಬ ಸಲಹೆ ಬಂತು. ಬೇಡವೆನ್ನಬೇಕಾಗಿದ್ದವನು ನಾನು. ಬೇಡವೆನ್ನಲಿಲ್ಲ. ಪರಮಪ್ರಸಾದ ಹಂಚಿದ ಕೈಯಲ್ಲೇ ಆ ಕಾಗದ ಹಿಡಿದು, ನಾನೇ ಓದಿದೆ.

ಹಣವೇನೋ ಸ್ವಲ್ಪ ಬೇಗ ಬಂತು. ಆದರೆ ಮುಂದಿನ ಭಾನುವಾರಗಳಲ್ಲಿ ಎಡಗಡೆಯ ಮೂರನೆಯ ಬೆಂಚಿನಲ್ಲಿ ಒಂದು ಸ್ಥಳ ಖಾಲಿಯಾಗಿಯೇ ಉಳಿಯಿತು. ಅಲ್ಲಿ ಕೂರುತ್ತಿದ್ದವರು ಒಬ್ಬ ವಯಸ್ಸಾದ ತಾಯಿ, ವಿಧವೆ, ಕೂಲಿ ಮಾಡಿ ಮೊಮ್ಮಗಳನ್ನು ಓದಿಸುತ್ತಿದ್ದವರು. ಕಾಯಿಲೆಯಿರಬೇಕೆಂದು ನೋಡಲು ಹೋದೆ. ಕಾಯಿಲೆಯೇನೂ ಇರಲಿಲ್ಲ. ಜಗಲಿಯ ಮೇಲೆ ಚಾಪೆ ಹಾಸಿ ನನ್ನನ್ನು ಕೂರಿಸಿ ಆಕೆ ಹೇಳಿದ ಮಾತು ಇಷ್ಟೆ: “ಬಾಕಿ ತೀರಿಸಿಕೊಂಡೇ ಬರೋಣ ಅಂತಿದ್ದೆ ಸ್ವಾಮಿ. ಗಂಟೆ ಕೇಳಿಸಿದಾಗ ಅಂಗಳದಲ್ಲೇ ಮೊಣಕಾಲೂರ್ತೀನಿ.”

ಆ ಮಾತಿನಲ್ಲಿ ನನ್ನ ಮೇಲೆ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಸಹಿಸಬಹುದಾಗಿತ್ತು. ದೇವರ ಮನೆಗೆ ಬರಲು ಮೊದಲು ಸಾಲ ತೀರಬೇಕೆಂದು ಆಕೆ ನಂಬಿದ್ದರು. ಹಾಗೆ ನಂಬುವಂತೆ ಮಾಡಿದವನು ಅವರ ಗುರು. ಯಾವ ತೊಲೆಗೆ ಗೆದ್ದಲು ಹಿಡಿದಿದೆಯೆಂದು ಆ ಸಂಜೆ ದಾರಿಯುದ್ದಕ್ಕೂ ಯೋಚಿಸಿದೆ.

ಸಂತ ಮಾರ್ಕರ ಶುಭಸಂದೇಶದ ಹನ್ನೆರಡನೆಯ ಅಧ್ಯಾಯವನ್ನು ಆ ರಾತ್ರಿ ತೆರೆದೆ. ಬಡ ವಿಧವೆ ಕಾಣಿಕೆಪೆಟ್ಟಿಗೆಯಲ್ಲಿ ಎರಡು ಚಿಕ್ಕ ಕಾಸುಗಳನ್ನು ಹಾಕಿದ ವೃತ್ತಾಂತ ನಿಮಗೆಲ್ಲ ತಿಳಿದೇ ಇದೆ. ಎಷ್ಟೋ ವರ್ಷಗಳಿಂದ ನಾನು ಅದನ್ನು ಕೊಡುವವರಿಗೆ ಬೋಧಿಸಿದ್ದೇನೆ. ಪಡೆಯುವವರಿಗೂ ಅದರಲ್ಲಿ ಪಾಠವಿದೆಯೆಂದು ಅಂದೇ ಹೊಳೆಯಿತು. ಆ ಪ್ರಸಂಗದ ಹಿಂದಿನ ವಾಕ್ಯವನ್ನು ನೋಡಿರಿ: ಉದ್ದ ಪ್ರಾರ್ಥನೆಯ ನೆಪದಲ್ಲಿ ವಿಧವೆಯರ ಮನೆಗಳನ್ನು ನುಂಗುವ ಧರ್ಮಶಾಸ್ತ್ರಿಗಳನ್ನು ಪ್ರಭು ಖಂಡಿಸುತ್ತಾರೆ. ಮುಂದಿನ ಅಧ್ಯಾಯದ ಮೊದಲಲ್ಲೇ ಶಿಷ್ಯನೊಬ್ಬನು ಮಹಾದೇವಾಲಯದ ಕಲ್ಲುಗಳನ್ನು ಕಂಡು ಬೆರಗಾಗುತ್ತಾನೆ. ಅವು ಒಂದರ ಮೇಲೊಂದು ಉಳಿಯವೆಂದು ಪ್ರಭು ಹೇಳುತ್ತಾರೆ. ಇವೆರಡರ ನಡುವೆ ಆ ವಿಧವೆ ನಿಂತಿದ್ದಾಳೆ. ಪ್ರಭುವಿನ ದೃಷ್ಟಿ ನೆಟ್ಟಿದ್ದು ಕಲ್ಲಿನ ಮೇಲಲ್ಲ, ಆಕೆಯ ಮೇಲೆ.

ಹಾಗಾದರೆ ದೇವಾಲಯಕ್ಕೆ ಕೊಡುವುದು ಬೇಡವೆ? ಖಂಡಿತವಾಗಿಯೂ ಬೇಕು. ಸಂತ ಪೌಲರು ಜೆರುಸಲೇಮಿನ ಬಡ ಭಕ್ತರಿಗಾಗಿ ಊರೂರುಗಳಲ್ಲಿ ಕಾಣಿಕೆ ಸಂಗ್ರಹಿಸಿದವರು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಕೊನೆಯಲ್ಲೂ ಎರಡನೆಯ ಪತ್ರದ ಎಂಟು ಒಂಬತ್ತನೆಯ ಅಧ್ಯಾಯಗಳಲ್ಲೂ ಅವರು ಅದರ ಕ್ರಮವನ್ನು ವಿವರಿಸಿದ್ದಾರೆ. ವಾರದ ಮೊದಲ ದಿನ ಪ್ರತಿಯೊಬ್ಬನೂ ತನ್ನ ಶಕ್ತ್ಯನುಸಾರ ಸ್ವಲ್ಪ ಎತ್ತಿಡಬೇಕು. ಇರುವುದಕ್ಕೆ ತಕ್ಕಂತೆ ಕೊಟ್ಟರೆ ಸಾಕು, ಇಲ್ಲದ್ದನ್ನು ಕೊಡಬೇಕಿಲ್ಲ. ಒಬ್ಬರ ಹೊರೆ ಇಳಿಸಲು ಇನ್ನೊಬ್ಬರನ್ನು ಕುಗ್ಗಿಸಬಾರದು; ಸಮಾನತೆ ಇರಬೇಕು. ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸದಂತೆ, ಒಪ್ಪಿಗೆಯಾದ ಸಹೋದರರನ್ನು ಜೊತೆಗಿಟ್ಟುಕೊಳ್ಳಬೇಕು. ಅಷ್ಟು ದೊಡ್ಡ ಪ್ರೇಷಿತರೇ ತಮ್ಮ ಕೈಯೊಂದನ್ನೇ ನಂಬಿರೆಂದು ಹೇಳಲಿಲ್ಲ! ಅವರು ಮಾದರಿಯಾಗಿ ತೋರಿಸಿದ್ದು ಸಿರಿವಂತ ಸಭೆಯನ್ನಲ್ಲ. ಕಡುಬಡತನದಲ್ಲೂ ಕೊಡಲು ತಾವಾಗಿ ಮುಂದೆ ಬಂದ ಮಕೆದೋನಿಯದ ಸಭೆಗಳನ್ನು.

ಇನ್ನೊಬ್ಬ ತಾಯಿಯನ್ನೂ ಈ ನೂರನೆಯ ವರ್ಷದಲ್ಲಿ ನಾವು ನೆನೆಯಬೇಕು. ಫ್ರಾನ್ಸಿನ ಲಿಯೋನ್ ನಗರದಲ್ಲಿ 1799ರಲ್ಲಿ ರೇಷ್ಮೆ ಉದ್ಯಮಿಯೊಬ್ಬರ ಮಗಳಾಗಿ ಹುಟ್ಟಿದ ಪೌಲೀನ್ ಜರಿಕೋ, ರೇಷ್ಮೆ ಕಾರ್ಖಾನೆಯ ಹೆಣ್ಣುಮಕ್ಕಳನ್ನು ಹತ್ತು ಹತ್ತು ಮಂದಿಯ ಗುಂಪುಗಳಾಗಿ ಸೇರಿಸಿದರು. ದೂರದೇಶಗಳ ಧರ್ಮಪ್ರಸಾರಕ್ಕಾಗಿ ಪ್ರಾರ್ಥನೆ, ಜೊತೆಗೆ ವಾರಕ್ಕೊಂದು ‘ಸೂ’ ನಾಣ್ಯ. ನಮ್ಮ ಲೆಕ್ಕದಲ್ಲಿ ಒಂದು ಚಿಲ್ಲರೆ ಕಾಸು. ಇದರಿಂದಲೇ 1822ರ ಮೇ 3ರಂದು ಧರ್ಮಪ್ರಸಾರ ಸಂಘ ಹುಟ್ಟಿಕೊಂಡಿತು. 1922ರಲ್ಲಿ ಅದು ಜಗದ್ಗುರುಗಳ ಅಧೀನದ ಸಂಘವಾಯಿತು. ಪ್ರತಿ ಅಕ್ಟೋಬರಿನಲ್ಲಿ ಮಿಷನ್ ಭಾನುವಾರದಂದು ನೀವು ಹಾಕುವ ಕಾಣಿಕೆ ಆ ಕಾಸಿನ ಮುಂದುವರಿಕೆಯೇ. ನಮ್ಮಂತಹ ಸೀಮೆಗಳಲ್ಲಿ ದುಡಿದ ಗುರುಗಳ ಹಿಂದೆ, ನಮ್ಮ ಹೆಸರನ್ನೂ ಕೇಳದ ಅಂತಹ ಕೂಲಿ ಹೆಣ್ಣುಮಕ್ಕಳ ಉಳಿತಾಯವಿತ್ತು.

ಆ ಪೌಲೀನ್ ತಾಯಿಯ ಕೊನೆಗಾಲ ಹೇಗಿತ್ತು ಬಲ್ಲಿರಾ? ಕಾರ್ಮಿಕರ ಒಳಿತಿಗಾಗಿ ಆರಂಭಿಸಿದ ಕಾರ್ಖಾನೆ ನಂಬಿದವರ ಮೋಸದಿಂದ ಮುಳುಗಿತು. ಸಾಲದ ಹೊರೆ ಹೊತ್ತು, ಕಡುಬಡವರಾಗಿ ಅವರು 1862ರ ಜನವರಿಯಲ್ಲಿ ತೀರಿಕೊಂಡರು. 2022ರ ಮೇ ತಿಂಗಳಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿತು. ಆ ತಾಯಿ ನಮ್ಮ ಧರ್ಮಕೇಂದ್ರದಲ್ಲಿದ್ದಿದ್ದರೆ ಅವರ ಹೆಸರನ್ನೂ ಬಾಕಿದಾರರ ಪಟ್ಟಿಯಲ್ಲಿ ಓದಿಬಿಡುತ್ತಿದ್ದೆನಲ್ಲಾ ಎಂದು ನನ್ನ ಎದೆ ನಡುಗಿತು.

ನಾನು ಗುರುಮಠದಲ್ಲಿ ಓದುತ್ತಿದ್ದ ಕಾಲದಲ್ಲೇ, 1983ರ ಜನವರಿ 25ರಂದು, ಧರ್ಮಸಭೆಯ ಹೊಸ ಕಾನೂನು ಸಂಹಿತೆ ಪ್ರಕಟವಾಯಿತು. ಧರ್ಮಸಭೆಯ ಅಗತ್ಯಗಳಿಗೆ ನೆರವಾಗುವುದು ಭಕ್ತರ ಕರ್ತವ್ಯವೆಂದು ಅದರ 222ನೆಯ ವಿಧಿ ಹೇಳುತ್ತದೆ. ಬಡತನದ ಕಾರಣ ಯಾರೂ ಸಂಸ್ಕಾರಗಳ ನೆರವಿನಿಂದ ವಂಚಿತರಾಗಬಾರದೆಂದು 848ನೆಯ ವಿಧಿ ಎಚ್ಚರಿಸುತ್ತದೆ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಬೇಕೆಂದು 537ನೆಯ ವಿಧಿ, ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು 1287ನೆಯ ವಿಧಿ. ಪರೀಕ್ಷೆಗಾಗಿ ಇವೆಲ್ಲವನ್ನೂ ಬಾಯಿಪಾಠ ಮಾಡಿದ್ದವನು ನಾನು. ಬಾಯಿಗೆ ಬಂದದ್ದು ಬದುಕಿಗೆ ಬರಲು ಇಷ್ಟು ವರ್ಷ ಬೇಕಾಯಿತು.

ಮುಂದಿನ ಭಾನುವಾರ ಇದೇ ಸ್ಥಳದಲ್ಲಿ ನಿಂತು ನಾನು ನಿಮ್ಮೆಲ್ಲರ ಕ್ಷಮೆ ಕೇಳಿದ್ದು ನಿಮಗೆ ನೆನಪಿದೆ. ಪಟ್ಟಿಯನ್ನು ಹರಿದು ಹಾಕಿದೆವು. ಹೆಸರಿಲ್ಲದ ಲಕೋಟೆಗಳು ಬಂದವು. ಅದರಲ್ಲಿ ಯಾರು ಎಷ್ಟಿಟ್ಟರೆಂಬುದು ದೇವರಿಗೆ ಮಾತ್ರ ಗೊತ್ತು. ಜಮಾಖರ್ಚಿನ ಲೆಕ್ಕವನ್ನು ಪ್ರತಿ ತಿಂಗಳು ಬಾಗಿಲ ಬಳಿ ಅಂಟಿಸುವ ಪದ್ಧತಿ ಆರಂಭವಾಯಿತು. ಆಗ ಹಿರಿಯರೊಬ್ಬರು ಎದ್ದು, “ಸ್ವಾಮಿಗಳೇ, ಪಟ್ಟಿ ಇಲ್ಲದಿದ್ದರೆ ಯಾರೂ ಕೊಡುವುದಿಲ್ಲ, ದೇವಾಲಯ ಸೋರುತ್ತದೆ” ಎಂದರು. ಅವರ ಮಾತು ಪೂರ್ತಿ ಸುಳ್ಳಾಗಲಿಲ್ಲ. ಮೊದಲ ಕೆಲವು ತಿಂಗಳು ಹಣ ಇಳಿಯಿತು. ಒಂದು ಮಳೆಗಾಲ ಪೀಠದ ಮಗ್ಗುಲಲ್ಲಿ ಬಕೆಟ್ ಇಟ್ಟು ಬಲಿಪೂಜೆ ಅರ್ಪಿಸಿದೆವು.

ಆದರೆ ನಿಧಾನವಾಗಿ ಬೇರೆ ಬಾಗಿಲುಗಳು ತೆರೆದವು. ಹಣವಿಲ್ಲದವರು ದುಡಿಮೆ ಕೊಟ್ಟರು; ಹಳೆಯ ಹೆಂಚು ಇಳಿಸಿ, ತೊಳೆದು, ಒಡೆಯದವುಗಳನ್ನು ಮತ್ತೆ ಹೊದಿಸಿದವರು ನೀವೇ. ತೋಟವಿದ್ದವರೊಬ್ಬರು ಮರ ಕೊಟ್ಟರು. ಹಬ್ಬದ ದೀಪಾಲಂಕಾರ, ಬಾಣಬಿರುಸು, ಬ್ಯಾಂಡಿನ ಖರ್ಚನ್ನು ಯುವಕರೇ ಕಡಿಮೆ ಮಾಡಿದರು. ಲೆಕ್ಕದ ಹಾಳೆಯ ಚಿತ್ರ ಹೇಗೋ ಹೊರದೇಶದ ಮಕ್ಕಳಿಗೂ ತಲುಪಿ, ಕೇಳದೆಯೇ ಅವರಿಂದ ನೆರವು ಬಂತು. ಮತ್ತು ಆ ತಾಯಿ ಮರಳಿ ಬಂದರು. ಹೆಂಚು ತೊಳೆದವರ ಸಾಲಿನಲ್ಲಿ ಆಕೆಯೂ ಇದ್ದರು. ತೊಲೆ ಬದಲಾಯಿತು. ಪಡಸಾಲೆಯ ಮಾಡು ಇನ್ನೂ ಬಾಕಿ ಇದೆ, ಸ್ವಲ್ಪ ಸಾಲವೂ ಇದೆ. ಅದನ್ನು ಮುಚ್ಚಿಟ್ಟು ಶತಮಾನೋತ್ಸವ ಆಚರಿಸುವ ಇಚ್ಛೆ ನನಗಿಲ್ಲ.

ಪ್ರಿಯರೇ, ಹಾಸನದ ಬಳಿಯ ಶೆಟ್ಟಿಹಳ್ಳಿಯ ಹಳೆಯ ದೇವಾಲಯವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಫ್ರೆಂಚ್ ಗುರುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ್ದು. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ಊರಿನ ಜನ ಬೇರೆಡೆಗೆ ಹೋಗಬೇಕಾಯಿತು. ಮಳೆಗಾಲದಲ್ಲಿ ಆ ಗೋಡೆಗಳ ಸುತ್ತ ನೀರು ತುಂಬುತ್ತದೆ. ಪ್ರವಾಸಿಗರು ದೋಣಿಯಲ್ಲಿ ಹೋಗಿ ಚಿತ್ರ ತೆಗೆಯುತ್ತಾರೆ. ಗೋಡೆ ನೋಡಲು ಸುಂದರವೇ. ಆದರೆ ಧರ್ಮಸಭೆ ಅಲ್ಲಿಲ್ಲ. ಅದು ತಲೆಯ ಮೇಲೆ ಗಂಟುಮೂಟೆ ಹೊತ್ತು ಹೊರಟ ಜನರೊಂದಿಗೆ ಹೋಯಿತು. ನಾಳೆ ನಮ್ಮ ಸಂಖ್ಯೆ ಇನ್ನೂ ಕುಗ್ಗಬಹುದು. ಇಲ್ಲೇ ವಾಸಿಸುವ ಗುರುಗಳು ಇಲ್ಲದೆ, ಪಕ್ಕದ ಧರ್ಮಕೇಂದ್ರದಿಂದ ಬಂದು ಬಲಿಪೂಜೆ ಅರ್ಪಿಸುವ ಕಾಲವೂ ಬರಬಹುದು. ಆಗಲೂ ನೀವು ಒಬ್ಬರನ್ನೊಬ್ಬರು ಬಿಡದಿದ್ದರೆ ಈ ಧರ್ಮಕೇಂದ್ರ ಬದುಕಿರುತ್ತದೆ. ಜನ ಒಡೆದುಹೋದರೆ, ಹೊಸ ಮಾಡಿನ ಕೆಳಗೂ ಅದು ಬರಿಯ ಗೋಡೆ.

ಆದ್ದರಿಂದ ನಾಡಿದ್ದಿನ ಹಬ್ಬಕ್ಕೆ ಮುನ್ನ ಮೂರು ಬೇಡಿಕೆಗಳನ್ನು ನಿಮ್ಮ ಮುಂದಿಡುತ್ತೇನೆ. ಮೊದಲನೆಯದು, ಎಷ್ಟೇ ಚಿಕ್ಕದಾಗಿರಲಿ, ವಾರಕ್ಕೊಮ್ಮೆ ಏನನ್ನಾದರೂ ಎತ್ತಿಡಿರಿ. ಕೊಡಲಾಗದ ವಾರ ಪ್ರಾರ್ಥನೆಯನ್ನು ಕೊಡಿರಿ. ಎರಡನೆಯದು, ಬಾಗಿಲ ಬಳಿಯ ಲೆಕ್ಕವನ್ನು ಓದಿರಿ, ಸಂಶಯವಿದ್ದರೆ ಧೈರ್ಯವಾಗಿ ಕೇಳಿರಿ. ನನ್ನ ನಂತರ ಬರುವ ಗುರುಗಳನ್ನೂ ಕೇಳಿರಿ. ಮೂರನೆಯದು, ಭಾನುವಾರ ಬಲಿಪೂಜೆ ಮುಗಿದ ಮೇಲೆ ಒಮ್ಮೆ ತಿರುಗಿ ನೋಡಿರಿ: ಯಾವ ಬೆಂಚಿನಲ್ಲಿ ಯಾರ ಸ್ಥಳ ಖಾಲಿಯಿದೆ? ಅಂದೇ ಸಂಜೆ ಅವರ ಮನೆಗೆ ಹೋಗಿರಿ. ನಾನು ಹೋಗುವವರೆಗೆ ಕಾಯಬೇಡಿರಿ. ನಾನು ಒಮ್ಮೆ ತಡಮಾಡಿದವನು.

ಚಿಕ್ಕ ಹಿಂಡಿಗೆ ಭಯಪಡಬೇಡವೆಂದು ಅಭಯವಿತ್ತ ಪ್ರಭುವೂ, ದನದ ಕೊಟ್ಟಿಗೆಯಲ್ಲಿ ಅವರನ್ನು ಹೆತ್ತು ಬಡತನವನ್ನು ಬಲ್ಲ ಮಾತೆ ಮರಿಯಮ್ಮನವರೂ, ನಮ್ಮನ್ನು ಎರಡನೆಯ ನೂರು ವರ್ಷದೊಳಕ್ಕೆ ಒಟ್ಟಾಗಿ ನಡೆಸಲಿ. ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ, ಆಮೆನ್.