ಕಣಕ್ಕೆ ಎಳೆಯುವ ಹೊಸೆದ ತಂತಿ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಗೋವಿನಜೋಳ ಕಣಕ್ಕೆ ಬಂತೆಂದರೆ ರಾತ್ರಿ ಕಾವಲಿಗೆ ಮನೆಯ ಒಬ್ಬರು ಅಲ್ಲೇ ಮಲಗಬೇಕು. ಈಗ ಕೆಲವರು ಹಿತ್ತಲ ಕಣದಲ್ಲಿ, ದನದ ಕೊಟ್ಟಿಗೆಯಲ್ಲಿ ಕ್ಯಾಮರಾ ಇಟ್ಟು ಮನೆಯೊಳಗೆ ಕುಳಿತೇ ನೋಡುತ್ತಾರೆ. ಮನೆಯ ಇಂಟರ್ನೆಟ್ ಪೆಟ್ಟಿಗೆಯಿಂದ ಕ್ಯಾಮರಾದವರೆಗೆ ಒಂದು ತಂತಿ ಎಳೆಯಬೇಕಲ್ಲ, ಇಂದು ಆ ತಂತಿಯ ಮಾತು.

ಇದರ ಹೊದಿಕೆ ಸುಲಿದರೆ ಒಳಗೆ ಎಂಟು ಎಳೆ. ಎರಡೆರಡನ್ನು ಹಗ್ಗದಂತೆ ಹೊಸೆದು ನಾಲ್ಕು ಜೋಡಿ ಮಾಡಿರುತ್ತಾರೆ. ಯಾತಕ್ಕೆ ಅಂತೀರಿ? ಪಕ್ಕದಲ್ಲಿ ಕರೆಂಟಿನ ತಂತಿ ಇದ್ದರೆ ಅದರ ಸೋಂಕು ಹೊಸೆದ ಎರಡೂ ಎಳೆಗೆ ಸರಿಸಮ ತಗಲುತ್ತದೆ. ತುದಿಯ ಯಂತ್ರವು ಎರಡು ಎಳೆಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಓದುವುದರಿಂದ ಆ ಸೋಂಕು ಕಳೆದುಹೋಗುತ್ತದೆ. ಟೆಲಿಫೋನ್ ತಂತಿಗೆಂದು ಗ್ರಹಾಂ ಬೆಲ್ 1881ರಲ್ಲೇ ಈ ಉಪಾಯ ಮಾಡಿದ್ದ.

ಕೊಳ್ಳುವಾಗ ಆಗುವ ಮೋಸ ಹೇಳುತ್ತೇನೆ, ಚೆನ್ನಾಗಿ ಕೇಳ್ರಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಅಗ್ಗದ ತಂತಿ ಪೇಟೆಯಲ್ಲಿದೆ. ಅದಕ್ಕೆ ಸಿಸಿಎ ಅಂತಾರೆ. "ಇದೂ ತಾಮ್ರಾನ ಐತ್ರಿ" ಎಂದು ಒಂದು ಅಂಗಡಿಯಲ್ಲಿ ನನಗೂ ಅದನ್ನೇ ಕಟ್ಟಿಕೊಟ್ಟರು. ಒಂದು ಮಳೆಗಾಲ ಕಳೆಯುವುದರೊಳಗೆ ಕ್ಯಾಮರಾ ಕಣ್ಣು ಮುಚ್ಚಿತು. ಎಳೆಯನ್ನು ಚಾಕುವಿನಿಂದ ಕೆರೆದು ನೋಡಿರಿ. ಒಳಗೂ ಕೆಂಪಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ಅಲ್ಲ. ಸುರುಳಿ ಎತ್ತಿದರೂ ತಿಳಿಯುತ್ತದೆ, ತಾಮ್ರದ್ದು ಭಾರ. ಕ್ಯಾಮರಾಕ್ಕೆ ಬೇಕಾದ ಕರೆಂಟೂ ಇದೇ ತಂತಿಯಲ್ಲಿ ಹೋಗುವ ಏರ್ಪಾಡಿದ್ದರೆ ಸಿಸಿಎ ತಂತಿ ತಾಮ್ರದ್ದಕ್ಕಿಂತ ಹೆಚ್ಚು ಬಿಸಿಯೇರುತ್ತದೆ. ಮೇವಿನ ಬಣವೆಯ ಪಕ್ಕ ಅದು ಬೇಡವೇ ಬೇಡ.

ಹೊದಿಕೆಯ ಮೇಲೆ ಕ್ಯಾಟ್ 5ಇ ಎಂದು ಅಚ್ಚಾಗಿದ್ದರೆ ನಮ್ಮ ಕೆಲಸಕ್ಕೆ ಸಾಕು. ಕ್ಯಾಟ್ 6 ಒಯ್ಯಿರೆಂದು ಜುಲುಮೆ ಮಾಡಿದರೆ ನಕ್ಕು ಸುಮ್ಮನಿರಿ. ಆದರೆ ಬಿಸಿಲು ಮಳೆ ತಡೆಯುವ, ಹೊರಗಿನ ಕೆಲಸದ ಕಪ್ಪು ಹೊದಿಕೆಯದೇ ಬೇಕು. ಉದ್ದ 100 ಮೀಟರ್ ದಾಟಬಾರದು.

ದಾಟುವಂತಿದ್ದರೆ ಗಾಜಿನೆಳೆಯ ತಂತಿಯೇ ಗತಿ, ಅಂದರೆ ಫೈಬರ್. ಬಯಲ ಮೇಲೆ ಎಳೆಯುವವರಿಗೂ ನಾನು ಅದನ್ನೇ ಹೇಳುತ್ತೇನೆ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಸಿಡಿಲು ನಿಮಗೆ ಗೊತ್ತೇ ಇದೆ. ತಾಮ್ರವು ಆ ಹೊಡೆತವನ್ನು ಮನೆಯ ಪೆಟ್ಟಿಗೆಯವರೆಗೂ ತರುತ್ತದೆ. ಒಳಗೆ ಉಕ್ಕಿನ ಎಳೆ ಇಲ್ಲದ ಫೈಬರ್ ತಾರದು. ಆಗ ಕ್ಯಾಮರಾಕ್ಕೆ ಕರೆಂಟು ಬೇರೆ ಕೊಡಬೇಕಾಗುತ್ತದೆ, ಅಷ್ಟೇ.

ನೆಲದಲ್ಲಿ ಹೂಳುವುದಾದರೆ ಪೈಪಿನೊಳಗೆ ಹಾಕಿರಿ, ಇಲಿ ಕಡಿಯುವುದಿಲ್ಲ. ಪಂಪ್‌ಸೆಟ್ಟಿನ ತಂತಿಯೊಡನೆ ಒಂದೇ ಪೈಪಿನಲ್ಲಿ ಮಾತ್ರ ತೂರಿಸಬೇಡಿರಿ, ಜೀವಕ್ಕೆ ಅಪಾಯ.

ತುದಿಯ ಪ್ಲಗ್ಗನ್ನು ಕ್ಲಿಪ್ಪು ಕೆಳಗೆ, ತಂತಿ ತೂರುವ ಬಾಯಿ ನಿಮ್ಮ ಕಡೆ ಬರುವಂತೆ ಹಿಡಿಯಿರಿ. ಎಡದಿಂದ ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ನೀಲಿ ಜೋಡಿ ಹಸಿರು ಜೋಡಿಯ ನಡುವೆ ಕೂಡುತ್ತದೆ. ಬಹಳ ಮಂದಿ ತಪ್ಪುವುದು ಇಲ್ಲೇ. ಎರಡೂ ತುದಿಗೆ ಇದೇ ಸಾಲು. ಹೊಸೆದದ್ದನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು. ಪರೀಕ್ಷೆಯ ಪೆಟ್ಟಿಗೆಗೆ ಹಚ್ಚಿ, ಎಂಟೂ ದೀಪ ಸಾಲಾಗಿ ಹತ್ತಿದ ಮೇಲೆಯೇ ಮಣ್ಣು ಮುಚ್ಚಿರಿ.