ಬುತ್ತಿ ಬಾರದ ದಿನದ ಬಟಾಟಿ ಪಲ್ಯ



ವಿಜಯಪುರದ ಸೊಲ್ಲಾಪುರ ರಸ್ತೆಯ ಆಸುಪಾಸಿನಲ್ಲಿ ಕೋಣೆ ಹಿಡಿದು ಓದುವವರಿಗೆ ಬುತ್ತಿ ಎಂದರೇನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅಥಣಿ ಮಾರ್ಗದಲ್ಲಿ ತಿಕೋಟಾ ಕಡೆಯಿಂದ, ಜಮಖಂಡಿ ಮಾರ್ಗದಲ್ಲಿ ಬಬಲೇಶ್ವರ ಕಡೆಯಿಂದ ಬರುವ ಮುಂಜಾನೆಯ ಬಸ್ಸುಗಳಲ್ಲಿ ಪ್ರಯಾಣಿಕರ ಜೊತೆಗೆ ಅರಿವೆಯಲ್ಲಿ ಕಟ್ಟಿದ ಡಬ್ಬಿಗಳೂ ಬರುತ್ತವೆ. ನಿಲ್ದಾಣಕ್ಕೆ ಓಡಿ ಹೋಗಿ ನಿಮ್ಮ ಗುರುತಿನ ಗಂಟನ್ನು ನೀವು ಎತ್ತಿಕೊಳ್ಳುತ್ತೀರಿ. ಬಿಚ್ಚಿದರೆ ನಾಲ್ಕು ಜೋಳದ ರೊಟ್ಟಿ, ಒಂದು ಪಲ್ಯ, ಒಂದಿಷ್ಟು ಶೇಂಗಾ ಹಿಂಡಿ. ಆ ಡಬ್ಬಿ ಆರೂವರೆಯ ಬಸ್ಸು ಹಿಡಿಯಬೇಕಾದರೆ ನಿಮ್ಮ ಅವ್ವ ನಾಲ್ಕು ಗಂಟೆಗೆ ಎದ್ದು ಒಲೆ ಹೊತ್ತಿಸಿರಬೇಕು. ಈ ಲೆಕ್ಕವನ್ನು ನಾವು ಸಾಮಾನ್ಯವಾಗಿ ಹಾಕುವುದಿಲ್ಲ.

ಬುತ್ತಿ ಬಾರದ ದಿನಗಳೂ ಇರುತ್ತವೆ. ಸುಗ್ಗಿಯ ಕಾಲದಲ್ಲಿ ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಒಮ್ಮೆ ಅವ್ವನಿಗೆ ಜ್ವರ, ಒಮ್ಮೆ ಊರ ಜಾತ್ರೆ, ಒಮ್ಮೆ ಬಸ್ಸೇ ಇಲ್ಲ. ಅಂಥ ದಿನ ಬಹಳ ಹುಡುಗರು ಏನು ಮಾಡುತ್ತಾರೆ? ಗಾಡಿಯ ಮುಂದೆ ನಿಂತು ಎರಡು ಮಿರ್ಚಿ ಭಜಿ ತಿಂದು, ಒಂದು ಚಹಾ ಕುಡಿದು, ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಇದೇ ಆದರೆ ನಷ್ಟ ದೊಡ್ಡದು. ಕಡಕ್ ರೊಟ್ಟಿಯೇನೋ ವಾರಗಟ್ಟಲೆ ಇರುತ್ತದೆ. ಕೋಣೆಯ ಡಬ್ಬದಲ್ಲಿ ಅದು ಇದ್ದೇ ಇರುತ್ತದೆ. ಇಲ್ಲದಿರುವುದು ಅದಕ್ಕೆ ಹಚ್ಚಿಕೊಳ್ಳಲು ಬಿಸಿಬಿಸಿಯಾದ ಒಂದು ಪಲ್ಯ. ಅದನ್ನು ನೀವೇ ಮಾಡಿಕೊಳ್ಳುವುದು ಹೇಗೆಂಬುದೇ ಈ ಹೊತ್ತಿನ ಮಾತು. ಅಡಿಗೆ ಹೆಂಗಸರ ಕೆಲಸವೆಂದು ನಂಬಿ ಬೆಳೆದ ಹುಡುಗರು ಇನ್ನೂ ಸ್ವಲ್ಪ ಹತ್ತಿರ ಬಂದು ಕೇಳಬೇಕು.

ಪಲ್ಯಗಳಲ್ಲಿ ಬಟಾಟಿಯನ್ನೇ ಏಕೆ ಆರಿಸಿದೆ? ಬದನೆಕಾಯಿ ಎರಡು ದಿನಕ್ಕೆ ಬಾಡುತ್ತದೆ, ಮೆಂತೆಸೊಪ್ಪು ಸಂಜೆಗೇ ಸೋಲುತ್ತದೆ. ಬಟಾಟಿ ಮಾತ್ರ ಕೋಣೆಯ ಮೂಲೆಯಲ್ಲಿ ಎರಡು ಮೂರು ವಾರ ನಿಮಗಾಗಿ ಕಾಯುತ್ತದೆ. ಹೊಟ್ಟೆ ತುಂಬಿಸುತ್ತದೆ, ಕೈಕೊಡುವುದು ಕಡಿಮೆ.

ಇದು ನಮ್ಮ ಊರಿನದೇ ಪಲ್ಯ ಎಂದು ನಾವು ತಿಳಿದಿದ್ದೇವೆ. ಆದರೆ ತಾಟಿನಲ್ಲಿರುವುದನ್ನು ಒಂದೊಂದಾಗಿ ನೋಡಿ. ಬಟಾಟಿ ಹುಟ್ಟಿದ್ದು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ, ಇಂದಿನ ಪೆರು ಮತ್ತು ಬೊಲಿವಿಯಾ ದೇಶಗಳ ಎತ್ತರದ ನೆಲದಲ್ಲಿ. ಅಲ್ಲಿಯ ಜನ ರಾತ್ರಿಯ ಕೊರೆಯುವ ಚಳಿಯಲ್ಲಿ ಅದನ್ನು ಹೆಪ್ಪುಗಟ್ಟಿಸಿ, ಹಗಲು ಕಾಲಿನಿಂದ ತುಳಿದು ನೀರು ತೆಗೆದು, ಬಿಸಿಲಲ್ಲಿ ಒಣಗಿಸಿ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಚೂನ್ಯೊ ಎಂದು ಅದರ ಹೆಸರು. ಅದು ಅವರ ಕಡಕ್ ರೊಟ್ಟಿ ಎನ್ನಬಹುದು. ಪಲ್ಯಕ್ಕೆ ಬೀಳುವ ಮೆಣಸಿನಕಾಯಿಯೂ ಅಮೆರಿಕದಿಂದಲೇ ಬಂದದ್ದು, ಶೇಂಗಾ ಕೂಡ. ಇನ್ನು ಪಕ್ಕದಲ್ಲಿರುವ ಜೋಳ? ಅದರ ಮೂಲ ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆಯೇ ಬಂದು ನಮ್ಮ ಕಪ್ಪು ಮಣ್ಣಿಗೆ ಒಗ್ಗಿಹೋಯಿತು.

ಬಟಾಟಿ ಎಂಬ ಮಾತೇ ಒಂದು ಚರಿತ್ರೆ. ಕೆರಿಬಿಯನ್ ದ್ವೀಪಗಳ ಜನ ಗೆಣಸಿಗೆ ಬಟಾಟ ಎನ್ನುತ್ತಿದ್ದರು. ಸ್ಪೇನ್ ಮತ್ತು ಪೋರ್ತುಗಲ್‌ನ ಜನರ ಬಾಯಲ್ಲಿ ಆ ಹೆಸರು ಹೊಸ ಗಡ್ಡೆಗೂ ಅಂಟಿಕೊಂಡಿತು. 1510ರಲ್ಲಿ ಪೋರ್ತುಗೀಸರು ಗೋವೆಯನ್ನು ಕಸಿದುಕೊಂಡದ್ದು ಯಾರಿಂದ ಬಲ್ಲಿರಾ? ಇದೇ ವಿಜಯಪುರದ ಆದಿಲಶಾಹಿಗಳಿಂದ. ಮುಂದೆ ಆ ಕರಾವಳಿಯ ದಾರಿಯಿಂದಲೇ ಈ ಹೆಸರು ಕೊಂಕಣಿಗೆ, ಮರಾಠಿಗೆ, ನಮ್ಮ ಉತ್ತರ ಕರ್ನಾಟಕದ ಕನ್ನಡಕ್ಕೆ ಬಂದಿತು. ಬೆಂಗಳೂರು, ಮೈಸೂರು ಕಡೆಯವರು ಆಲೂಗಡ್ಡೆ ಎನ್ನುತ್ತಾರೆ. ಆದಿಲಶಾಹಿಯ ಮೊದಲ ಅರಸ ಯೂಸುಫ್‌ನ ಅಡಿಗೆಮನೆಯಲ್ಲಿ ಈ ಪಲ್ಯ ಆಗುವ ಸಂಭವವೇ ಇರಲಿಲ್ಲ. ಆ ಕಾಲದ ಖಾರವೆಂದರೆ ಕರಿಮೆಣಸು.

ಇರಲಿ, ಒಲೆಯ ಕಡೆಗೆ ಹೋಗೋಣ. ಮೊದಲು ಸಂತೆಯಲ್ಲಿ ಆರಿಸುವುದು. ಬಟಾಟಿ ಗಟ್ಟಿಯಾಗಿರಬೇಕು, ಸಿಪ್ಪೆ ಸುಕ್ಕುಗಟ್ಟಿರಬಾರದು. ಹಸಿರು ಬಣ್ಣ ಏರಿದ್ದನ್ನು ತೆಗೆದುಕೊಳ್ಳಬೇಡಿ. ಬೆಳಕು ಬಿದ್ದ ಬಟಾಟಿಯಲ್ಲಿ ಹಸಿರಿನ ಜೊತೆಗೆ ಸೊಲನಿನ್ ಎಂಬ ಕಹಿ ವಿಷವೂ ಹೆಚ್ಚುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ. ಅಲ್ಪಸ್ವಲ್ಪ ಹಸಿರಿದ್ದರೆ ಆ ಭಾಗವನ್ನೂ ಮೊಳಕೆಯ ಕಣ್ಣುಗಳನ್ನೂ ಆಳವಾಗಿ ಕೆತ್ತಿ ತೆಗೆಯಬೇಕು. ಬಹಳ ಹಸಿರಾಗಿದ್ದರೆ, ಕಹಿಯಾಗಿದ್ದರೆ ಇಡೀ ಗಡ್ಡೆಯನ್ನೇ ಬಿಸಾಡಿ. ಮನೆಗೆ ತಂದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೆವರಿ ಕೊಳೆಯುತ್ತದೆ. ಗೋಣಿಚೀಲದಲ್ಲೋ ಬುಟ್ಟಿಯಲ್ಲೋ ಕತ್ತಲೆಯ ಮೂಲೆಗಿಡಿ. ತಂಪು ಪೆಟ್ಟಿಗೆಯೂ ಬೇಡ: ಹೆಚ್ಚಿನ ತಂಪಿನಲ್ಲಿ ಅದರ ಪಿಷ್ಟ ಸಕ್ಕರೆಯಾಗಿ ಪಲ್ಯ ಸಿಹಿ ಹೊಡೆಯುತ್ತದೆ.

ಮೂರು ಜನಕ್ಕೆ ಅರ್ಧ ಕಿಲೋ ಬಟಾಟಿ ಸಾಕು. ಎರಡು ಉಳ್ಳಾಗಡ್ಡಿ, ಆರೇಳು ಎಸಳು ಬೆಳ್ಳುಳ್ಳಿ, ಕರಿಬೇವು, ಸಾಸಿವೆ, ಜೀರಿಗೆ, ಚಿಟಿಕೆ ಅರಿಷಿಣ, ಮೂರು ಚಮಚೆ ಎಣ್ಣೆ, ಒಂದೂವರೆ ಚಮಚೆ ಮಸಾಲಿ ಖಾರ, ನಾಲ್ಕು ಚಮಚೆ ಹುರಿದು ಕುಟ್ಟಿದ ಶೇಂಗಾ ಪುಡಿ, ಅಡಿಕೆ ಗಾತ್ರದ ಹುಣಸೆಹಣ್ಣು, ಅದರ ಅರ್ಧದಷ್ಟು ಬೆಲ್ಲ, ರುಚಿಗೆ ಉಪ್ಪು, ಮೇಲೆ ಉದುರಿಸಲು ಕೊತ್ತಂಬರಿ. ಮಸಾಲಿ ಖಾರ ಊರಿನಿಂದಲೇ ಬಂದಿರುತ್ತದೆ. ಒಣಕೊಬ್ಬರಿ, ಬೆಳ್ಳುಳ್ಳಿ, ಮಸಾಲೆ ಹಾಕಿ ವರ್ಷಕ್ಕಾಗುವಷ್ಟು ಕುಟ್ಟಿಸಿಟ್ಟದ್ದು. ಒಂದು ಒಲೆ, ದಪ್ಪ ತಳದ ಒಂದು ಪಾತ್ರೆ, ಅದಕ್ಕೊಂದು ಮುಚ್ಚಳ ಇದ್ದರಾಯಿತು. ಹಾಸ್ಟೆಲ್ಲಿನ ಕೋಣೆಯಲ್ಲಿ ಒಲೆ ಹೊತ್ತಿಸಬಾರದೆಂಬ ನಿಯಮವಿದ್ದರೆ ಕದ್ದುಮುಚ್ಚಿ ಮಾಡಬೇಡಿ. ರಜೆಯಲ್ಲಿ ಮನೆಯ ಒಲೆಯ ಮೇಲೆ ಕಲಿಯಿರಿ. ಕೋಣೆಯಲ್ಲಿ ಮಾಡುವವರು ಕಿಟಕಿ ತೆರೆದಿಡಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಮುಚ್ಚಳ ಮುಚ್ಚಿ, ಒಲೆ ಆರಿಸಬೇಕು. ಇದಿಷ್ಟು ನೆನಪಿರಲಿ.

ಬಟಾಟಿಯನ್ನು ಚೆನ್ನಾಗಿ ತಿಕ್ಕಿ ತೊಳೆಯಿರಿ. ಸಿಪ್ಪೆ ತೆಳ್ಳಗಿದ್ದರೆ ತೆಗೆಯುವುದೇ ಬೇಡ. ಹೆಬ್ಬೆರಳ ತುದಿಯಷ್ಟು ದೊಡ್ಡ ಹೋಳು ಮಾಡಿ ನೀರಿಗೆ ಹಾಕಿ, ಇಲ್ಲದಿದ್ದರೆ ಗಾಳಿ ತಾಗಿ ಕಪ್ಪಾಗುತ್ತವೆ. ಬಹಳ ಹೊತ್ತು ನೆನೆಯಲು ಬಿಡಬೇಡಿ. ಒಗ್ಗರಣೆಗೆ ಹಾಕುವ ಮುಂಚೆ ನೀರು ಪೂರ್ತಿ ಬಸಿಯಿರಿ, ಎಣ್ಣೆ ಮುಖಕ್ಕೆ ಸಿಡಿದೀತು.

ಎಣ್ಣೆ ಕಾಯ್ದ ಮೇಲೆ ಸಾಸಿವೆ; ಅದು ಚಟಪಟ ಎಂದ ಮೇಲೆ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು. ಆಮೇಲೆ ಹೆಚ್ಚಿದ ಉಳ್ಳಾಗಡ್ಡಿ. ಇಲ್ಲಿ ಅವಸರ ಬೇಡ. ಉಳ್ಳಾಗಡ್ಡಿ ಕೆಂಪಗಾಗುವ ಆ ಆರೇಳು ನಿಮಿಷ ಕಾಯದವರ ಪಲ್ಯಕ್ಕೆ ಹಸಿವಾಸನೆ ತಪ್ಪುವುದಿಲ್ಲ. ಈಗ ಉರಿ ಸಣ್ಣ ಮಾಡಿ ಅರಿಷಿಣ, ಮಸಾಲಿ ಖಾರ ಹಾಕಿ ಒಂದು ಸುತ್ತು ತಿರುಗಿಸಿ. ಮೆಣಸಿನಕಾಯಿಯ ಕೆಂಪು ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಖಾರ ಎಣ್ಣೆಗೇ ಬೀಳಬೇಕು. ಉರಿ ದೊಡ್ಡದಿದ್ದರೆ ಮಾತ್ರ ಅರೆಗಳಿಗೆಯಲ್ಲಿ ಸೀದು ಕೋಣೆಯವರೆಲ್ಲ ಕೆಮ್ಮುತ್ತಾರೆ.

ಕೂಡಲೇ ಬಟಾಟಿ ಹೋಳು, ಉಪ್ಪು ಹಾಕಿ ಎರಡು ನಿಮಿಷ ತಾಳಿಸಿ, ಹೋಳು ಮುಳುಗುವಷ್ಟು ಬಿಸಿನೀರು ಸುರಿದು ಮುಚ್ಚಳ ಹಾಕಿ. ಹನ್ನೆರಡರಿಂದ ಹದಿನೈದು ನಿಮಿಷ ಬೇಕು. ಒಳಗೆ ಏನು ನಡೆಯುತ್ತಿದೆ? ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬಟಾಟಿಯ ಪಿಷ್ಟದ ಕಣಗಳು ನೀರು ಕುಡಿದು ಉಬ್ಬತೊಡಗುತ್ತವೆ. ಇನ್ನೂ ಶಾಖ ಏರಿದಾಗ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಪದಾರ್ಥ ಸಡಿಲಾಗುತ್ತದೆ. ಆಗಲೇ ಹೋಳು ಮೆತ್ತಗಾಗುವುದು.

ಇನ್ನು ಇಡೀ ಪಾಠದ ಮುಖ್ಯ ಮಾತು. ಹುಣಸೆ ನೀರನ್ನು ಮೊದಲೇ ಹಾಕಬೇಡಿ. ಹುಳಿಯಿರುವಲ್ಲಿ ಪೆಕ್ಟಿನ್ ಸುಲಭವಾಗಿ ಸಡಿಲಾಗುವುದಿಲ್ಲ. ಅರ್ಧ ಗಂಟೆ ಕುದಿಸಿದರೂ ಹೋಳು ಕಟುಂ ಎನ್ನುತ್ತದೆ, ಗ್ಯಾಸು ಖರ್ಚಾಗುತ್ತದೆ. ಬಟಾಟಿ ಹಳೆಯದೆಂದು ನಾವು ಸಂತೆಯವನನ್ನು ಬೈಯುತ್ತೇವೆ. ಟೊಮೆಟೊ ಹಾಕುವವರಿಗೂ ಇದೇ ಮಾತು. ಗಡಸು ನೀರಿನಲ್ಲಿರುವ ಸುಣ್ಣದ ಅಂಶವೂ ಪೆಕ್ಟಿನ್ನನ್ನು ಬಿಗಿಗೊಳಿಸುತ್ತದೆ. ಕೊಳವೆಬಾವಿಯ ನೀರಿನಲ್ಲಿ ಬೇಳೆ ಬೇಯದ ಅನುಭವ ನಿಮ್ಮ ಅವ್ವನಿಗೆ ಇದ್ದೀತು, ಕೇಳಿ ನೋಡಿ. ಆದ್ದರಿಂದ ಕುಡಿಯುವ ಸಿಹಿನೀರಿನಲ್ಲೇ ಬೇಯಿಸಿ. ಮನೆಯಲ್ಲಿ ಹಿರಿಯರು ಯಾವ ಪುಸ್ತಕವನ್ನೂ ಓದದೆ ಹುಳಿಯನ್ನು ಕಡೆಗೇ ಹಾಕುತ್ತ ಬಂದಿದ್ದಾರೆ. ರಸಾಯನಶಾಸ್ತ್ರ ಅದಕ್ಕೆ ಕಾರಣ ಹೇಳುತ್ತದೆ, ಅಷ್ಟೆ.

ಹೋಳನ್ನು ಸೌಟಿನ ಬೆನ್ನಿನಿಂದ ಒತ್ತಿದರೆ ಒಡೆಯಬೇಕು. ನಾಲ್ಕೈದು ಹೋಳುಗಳನ್ನು ಬೇಕೆಂದೇ ಮೆದ್ದು ರಸದಲ್ಲಿ ಕಲಸಿ, ರಸ ತಾನೇ ದಪ್ಪವಾಗುತ್ತದೆ. ಈಗ ಹುಣಸೆ ರಸ, ಬೆಲ್ಲ, ಶೇಂಗಾ ಪುಡಿ. ಶೇಂಗಾ ಮೊದಲೇ ಬಿದ್ದರೆ ತಳ ಹಿಡಿಯುತ್ತದೆ. ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಕುದಿದಾಗ ಮೇಲೆ ಕೆಂಪಗೆ ಎಣ್ಣೆ ತೇಲುತ್ತದೆ. ಕೊತ್ತಂಬರಿ ಉದುರಿಸಿ ಇಳಿಸಿ. ಎಲ್ಲ ಸೇರಿ ಮುಕ್ಕಾಲು ಗಂಟೆಯ ಕೆಲಸ. ನಾಲ್ಕನೆಯ ಸಲಕ್ಕೆ ಅರ್ಧ ಗಂಟೆಗೆ ಇಳಿಯುತ್ತದೆ.

ಕುಕ್ಕರ್ ಇದ್ದವರು ಸಿಪ್ಪೆಸಹಿತ ಕುದಿಸಿ, ಸುಲಿದು, ಕೈಯಲ್ಲಿ ಮುರಿದು ಹಾಕಬಹುದು. ನೀರು ಕಡಿಮೆ ಮಾಡಿದರೆ ಅದೇ ಒಣ ಪಲ್ಯ. ನನಗೆ ಕೇಳಿದರೆ ಕಡಕ್ ರೊಟ್ಟಿಗೆ ರಸದ ಪಲ್ಯವೇ ಸರಿ. ರೊಟ್ಟಿ ಮುರಿದು ಅದರಲ್ಲಿ ನೆನೆಯಲು ಬಿಟ್ಟು ಉಣ್ಣುವ ಸುಖ ಬೇರೆ.

ಇದರಲ್ಲಿ ದೇಹಕ್ಕೇನಿದೆ ಎಂದು ನೀವು ಕೇಳಬಹುದು. 100 ಗ್ರಾಂ ಬಟಾಟಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು. ಉಳಿದುದರಲ್ಲಿ ಬಹುಪಾಲು ಪಿಷ್ಟ, ಸುಮಾರು ಎರಡು ಗ್ರಾಂ ಪ್ರೋಟೀನು, ಒಂದಿಷ್ಟು ಸಿ ಜೀವಸತ್ವ, ಪೊಟ್ಯಾಸಿಯಂ. ಕೊಡುವ ಶಕ್ತಿ ಎಂಬತ್ತು ಕ್ಯಾಲೊರಿಯ ಆಸುಪಾಸು. ರೊಟ್ಟಿಯೂ ಪಿಷ್ಟ, ಪಲ್ಯವೂ ಪಿಷ್ಟ ಎಂಬುದು ಈ ಊಟದ ಕೊರತೆ. ಅದನ್ನು ತುಂಬುವುದು ಶೇಂಗಾ. ಅದರ ತೂಕದ ನಾಲ್ಕನೆಯ ಒಂದು ಪಾಲು ಪ್ರೋಟೀನು. ಹಾಗಾಗಿ ಆ ನಾಲ್ಕು ಚಮಚೆಯನ್ನು ರುಚಿಗೆ ಮಾತ್ರ ಹಾಕುವುದೆಂದು ತಿಳಿದು ಕಡಿಮೆ ಮಾಡಬೇಡಿ. ಪಕ್ಕದಲ್ಲಿ ಒಂದು ಬಟ್ಟಲು ಮೊಸರು, ಹಸಿ ಉಳ್ಳಾಗಡ್ಡಿ, ಸಿಕ್ಕ ಕಾಲದಲ್ಲಿ ಹಕ್ಕರಕಿ ಅಥವಾ ಮೆಂತೆಸೊಪ್ಪು ಇರಲಿ. ವಾರದ ಏಳೂ ದಿನ ಬಟಾಟಿಯನ್ನೇ ತಿನ್ನುವುದು ಸೋಮಾರಿತನ. ಎರಡು ದಿನಕ್ಕೆ ಸಾಕು.

ಉಳಿದ ಪಲ್ಯದ ಬಗ್ಗೆ ಎಚ್ಚರ. ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಮಾಡಿದ್ದನ್ನು ಹಾಗೇ ಬಿಟ್ಟು ರಾತ್ರಿ ಉಂಡರೆ ಹೊಟ್ಟೆ ಕೆಟ್ಟೀತು. ಆ ದಿನಗಳಲ್ಲಿ ಒಂದು ಹೊತ್ತಿಗೆ ಬೇಕಾದಷ್ಟನ್ನೇ ಮಾಡಿ. ಚಳಿಗಾಲದಲ್ಲೂ ಒಂದೆರಡು ತಾಸಿಗಿಂತ ಹೆಚ್ಚು ಹೊತ್ತು ಹೊರಗೆ ಇಟ್ಟದ್ದನ್ನು ನಂಬಬೇಡಿ.

ಮುಂದಿನ ಸಲ ತಿಕೋಟಾಕ್ಕೋ ಬಬಲೇಶ್ವರಕ್ಕೋ, ನಿಮ್ಮ ಊರು ಯಾವುದೋ ಅಲ್ಲಿಗೆ, ರಜೆಗೆ ಹೋದಾಗ ಒಂದು ದಿನ ಮುಂಜಾನೆ ನಾಲ್ಕು ಗಂಟೆಗೆ ನೀವೇ ಎದ್ದು ಈ ಪಲ್ಯ ಮಾಡಿ, ಅವ್ವನಿಗೆ ಬಿಸಿಬಿಸಿ ಬಡಿಸಿ. ಖಾರ ಹೆಚ್ಚಾಯಿತೋ ಉಪ್ಪು ಕಡಿಮೆಯಾಯಿತೋ ಎಂಬುದನ್ನು ಅವಳು ಹೇಳುತ್ತಾಳೆ.